ಎಂಟು ಸಾಲು, ಹದಿಮೂರು ಸಾಲು

ಬುತ್ತಿ ಉಂಡು ಕೈತೊಳೆದು ಬಂದ ಪಾತು ತನ್ನ ಮೇಜಿನ ಮುಂದೆ ನಿಂತುಬಿಟ್ಟಳು. ಅನಾನಸು ಇರಲಿಲ್ಲ.

ಎಪ್ಪತ್ತೊಂಬತ್ತನೇ ಇಸವಿಯ ವಿಜ್ಞಾನ ಪ್ರದರ್ಶನಕ್ಕೆ ಈಶ್ವರಮಂಗಲದಿಂದ ಪುತ್ತೂರಿನವರೆಗೆ ಬಸ್ಸಿನಲ್ಲಿ ಮಡಿಲಲ್ಲಿಟ್ಟು ತಂದ ಹಣ್ಣು. ಅದರ ಕಣ್ಣುಗಳು ಓರೆಯಾಗಿ ಸುತ್ತಿ ಮೇಲೇರುವ ಸಾಲುಗಳನ್ನು ಅವಳೇ ಎಣಿಸಿ, ಒಂದು ಕಡೆಗೆ ಸುತ್ತುವ ಎಂಟಕ್ಕೆ ಕೆಂಪು ಶಾಯಿಯ ಗೆರೆ, ಇನ್ನೊಂದು ಕಡೆಗೆ ಸುತ್ತುವ ಹದಿಮೂರಕ್ಕೆ ನೀಲಿ ಗೆರೆ ಎಳೆದಿದ್ದಳು. ಬಹುಮಾನ ಬಂದರೆ ಏಳನೆಯ ತರಗತಿಯ ನಂತರವೂ ಮಗಳನ್ನು ಓದಿಸುತ್ತೇನೆಂದು ತಂದೆ ಮೊಯ್ದಿನಬ್ಬ ಊರ್ಮಿಳಾ ಟೀಚರಿಗೆ ಮಾತು ಕೊಟ್ಟಿದ್ದ.

“ಸಾರ್, ಇಲ್ಲಿದ್ದ ಅನಾನಸು ಎಲ್ಲಿ?” ಟೀಚರು ತಮ್ಮ ಹೆಡ್‌ಮಾಸ್ತರು ಸಂಕಪ್ಪನವರನ್ನು ಕೇಳಿದರು.

“ತೀರ್ಪುಗಾರರ ಊಟಕ್ಕೆ ಹಣ್ಣು ಇರ್ಲಿಲ್ಲ. ನಮ್ಮ ಶಾಲೆಯ ಹೆಸರಲ್ಲಿ ನಾನೇ ಕೊಟ್ಟೆ.”

“ಅದು ಅವಳ ಪ್ರಯೋಗ!”

“ಹಣ್ಣಲ್ಲಿ ಎಂತ ಪ್ರಯೋಗ ಮಾರಾಯ್ರೆ? ಬಾಕಿ ಶಾಲೆಯವರು ಅಣೆಕಟ್ಟು ಮಾಡಿ ತಂದಿದ್ದಾರೆ. ಶಾಯಿ ಇದ್ದದ್ದು ಸಿಪ್ಪೆಗೆ ಮಾತ್ರ, ಒಳಗೆ ಎಂತದೂ ಆಗ್ಲಿಲ್ಲ.”

ಪಾತು ಅಡುಗೆಯ ಚಪ್ಪರಕ್ಕೆ ಓಡಿದಳು. ಎಂಜಲೆಲೆಗಳ ಬುಟ್ಟಿಗೆ ಕೈಹಾಕಿ ಸಿಪ್ಪೆಯ ತುಂಡುಗಳನ್ನು ಹೆಕ್ಕಿ, ಲಂಗಕ್ಕೆ ಒರಸಿ ತಂದು, ಮೇಜಿನ ಮೇಲೆ ಜೋಡಿಸತೊಡಗಿದಳು. ಅಷ್ಟರಲ್ಲಿ ತೀರ್ಪುಗಾರರು ಬಂದರು.

“ಇದೆಂತ, ಸಿಪ್ಪೆ?”

“ಸಾರ್, ಗೆರೆ ನೋಡಿ. ಹೀಗೆ ಎಂಟು ಸಾಲು, ಹಾಗೆ ಹದಿಮೂರು. ಎರಡು, ಮೂರು, ಐದು, ಎಂಟು, ಹದಿಮೂರು... ಹಿಂದಿನ ಎರಡನ್ನು ಕೂಡಿದರೆ ಮುಂದಿನದ್ದು ಬರ್ತದೆ. ದಾಸವಾಳಕ್ಕೂ ಐದೇ ಎಸಳು. ನಾನು ಹನ್ನೊಂದು ಅನಾನಸು ಎಣಿಸಿ ನೋಡಿದೆ, ಎಲ್ಲದ್ದೂ ಹೀಗೇ ಉಂಟು!” ಒಂದೇ ಉಸಿರಿಗೆ ಹೇಳಿದಳು.

“ಸರಿ, ಎಣಿಸಿ ತೋರಿಸು.”

ಎಷ್ಟೋ ತುಂಡುಗಳು ಸಿಕ್ಕಿರಲಿಲ್ಲ. ಇದ್ದವುಗಳಲ್ಲೂ ಗೆರೆಗೆ ಗೆರೆ ಕೂಡಲಿಲ್ಲ. ನೀಲಿಯಲ್ಲಿ ಒಂಬತ್ತಕ್ಕೆ ಬಂದು ಅವಳ ಬೆರಳು ನಿಂತಿತು.

“ಬಾಕಿ ನಾಲ್ಕು... ಇತ್ತು ಸಾರ್.”

ತೀರ್ಪುಗಾರರು ‘ಮಾದರಿ ಅಪೂರ್ಣ’ ಎಂದು ಬರೆದುಕೊಂಡರು. ಊರ್ಮಿಳಾ ಟೀಚರು ಬಾಯಿ ತೆರೆದರು. ಸಂಕಪ್ಪನವರು ದುರುಗುಟ್ಟಿ ನೋಡಿದರು. ಟೀಚರು ಸೆರಗು ಸರಿಪಡಿಸಿಕೊಂಡು ನೆಲ ನೋಡಿದರು.

ಮುಂದಿನ ಮೇಜಿಗೆ ಹೊರಟ ತೀರ್ಪುಗಾರರು ತಿರುಗಿ ಬಂದು ಪಾತುವಿನ ತಲೆ ಸವರಿದರು.

“ಹಣ್ಣು ಮಾತ್ರ ಭಾರೀ ಸಿಹಿ ಇತ್ತು ಮಗು. ಎಲ್ಲಿಂದ ತಂದದ್ದು?”