ತಂಬಿಗೆಯ ಮೇಲಿನ ಹೆಸರು

“ಈ ಹುಡುಗಿ ಹೆಸರು ಹಾಜರಿಯಿಂದ ತಗೀರಿ ಬಾಯಾರ,” ಎಂದರು ಶಾಲಾ ಇನ್ಸ್‌ಪೆಕ್ಟರ್ ಸಾಹೇಬರು, ಪೆನ್ನಿನ ಟೊಪ್ಪಿಗೆ ಬಿಚ್ಚುತ್ತ. “ಕಣ್ಣಿಲ್ಲದಾಕಿ ಸಾಲ್ಯಾಗ ಕುಂತು ಏನ್ ಮಾಡ್ತಾಳ?”

ಶಿಕ್ಷಕಿ ರೂತಬಾಯಿ ಹಾಜರಿ ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡಳು. ಪೊಲೀಸ್ ಆ್ಯಕ್ಷನ್ನಿನಲ್ಲಿ ನಿಜಾಮನ ಆಳಿಕೆ ಮುಗಿದು, ಸಂತಪುರದ ಉರ್ದು ಶಾಲೆ ಕನ್ನಡ ಶಾಲೆಯಾದ ಮೇಲೆ ಧಾರವಾಡದ ಕಡೆಯಿಂದ ಬಂದ ಸಾಹೇಬರು ಇವರು. ಒಂದು ಗೀಟು ಎಳೆದರೆ ಮುಗಿಯಿತು. ಕಾಶಮ್ಮ ಮತ್ತೆ ಅಂಗಳದಲ್ಲಿ ಪಾತ್ರೆ ತಿಕ್ಕುತ್ತ ಕೂರಬೇಕು.

“ಆಕಿ ಓದ್ತಾಳ್ರಿ, ಸಾಹೇಬರ.”

ಸಾಹೇಬರು ನಕ್ಕರು. ರೂತಬಾಯಿ ಒಂದು ಹಿತ್ತಾಳೆ ತಾಟು ತಂದು ಕಾಶಮ್ಮನ ತೊಡೆಯ ಮೇಲಿಟ್ಟಳು. ಹುಡುಗಿಗೆ ತಿಂಗಳುಗಟ್ಟಲೆ ಪಾಟಿ-ಬಳಪ ಹಿಡಿಸಿ ಸೋತಿದ್ದವಳು ಅವಳು. ಒಂದು ದಿನ ಈ ಹುಡುಗಿ ಪಾತ್ರೆ ತೊಳೆಯುವಾಗ, ಕೊರೆದ ಹೆಸರು ಮುಟ್ಟಿ ಅಜ್ಜಿಯದು ಬೇರೆ, ಚಿಗವ್ವನದು ಬೇರೆ ಎಂದು ಎತ್ತಿಡುವುದನ್ನು ಕಂಡು, ಇದು ಮೊದಲೇ ಹೊಳೆಯಲಿಲ್ಲವಲ್ಲ ಎಂದು ಹಣೆ ಬಡಿದುಕೊಂಡಿದ್ದಳು. ಅಂದಿನಿಂದ ಊರವರ ಪಾತ್ರೆಗಳೇ ಪುಸ್ತಕ. ಹುಡುಗಿಯ ಬೆರಳು ದಾರಿ ತಪ್ಪಿದಾಗಲೆಲ್ಲ ಅದನ್ನು ಹಿಡಿದು ಮೊದಲ ಅಕ್ಷರದ ಮೇಲಿಟ್ಟು, “ಇಲ್ಲಿಂದ ಶುರು ಮಾಡವ್ವ” ಎನ್ನುತ್ತಿದ್ದಳು.

“ಮ... ನ್ಮ... ಥಪ್ಪ,” ಎಂದು ಓದಿದಳು ಕಾಶಮ್ಮ.

“ಊರ ತಾಟು, ಊರ ಹೆಸರು. ಬಾಯಿಪಾಠ ಮಾಡ್ಸೀರಿ,” ಎಂದರು ಸಾಹೇಬರು. ಎರಡು ಕಣ್ಣು, ಮೇಲೊಂದು ಕನ್ನಡಕ. ಆದರೂ ಕಂಡದ್ದನ್ನು ನಂಬಲೊಲ್ಲರು.

ರೂತಬಾಯಿಗೆ ಸಿಟ್ಟು ನೆತ್ತಿಗೇರಿತು. ಸಾಹೇಬರ ಚೀಲದ ಪಕ್ಕದಲ್ಲಿದ್ದ ತಾಮ್ರದ ತಂಬಿಗೆಯನ್ನು ಕೇಳದೆಯೇ ಎತ್ತಿ, ನೀರು ಚೆಲ್ಲಿ, ಹುಡುಗಿಯ ಕೈಗೆ ಕೊಟ್ಟಳು. “ಇದು ನಿಮ್ಮೂರಿಂದ ಬಂದದ್ದರಿ. ಇದರ ಮ್ಯಾಲ ಏನದ ಅಂತ ನಾನೂ ನೋಡಿಲ್ಲ.”

ಕಾಶಮ್ಮನ ಬೆರಳು ತಂಬಿಗೆಯ ಕೊರಳು ಸುತ್ತಿತು. ಸಣ್ಣ ಅಕ್ಷರ, ಸವೆದ ಅಕ್ಷರ. ಒಮ್ಮೆ ನಿಂತಿತು, ಹಿಂದೆ ಹೋಯಿತು.

“ಅ... ನು... ಸೂಯಾ... ಬಾಯಿ. ಅನುಸೂಯಾಬಾಯಿ. ಯಾರ್ರಿ ಇವರು?”

ಸಾಹೇಬರು ಪೆನ್ನಿಗೆ ಟೊಪ್ಪಿಗೆ ಹಾಕಿದರು. “ನಮ್ಮವ್ವ,” ಎಂದರು ಮೆಲ್ಲಗೆ. “ಆಕಿಗೆ ತನ್ನ ಹೆಸರು ಓದಾಕ ಬರ್ತಿರಲಿಲ್ಲ. ಹಾಜರ್ಯಾಗ ಈ ಹುಡುಗಿ ಹೆಸರು ಇರಲಿ ಬಾಯಾರ. ಮುಂದಿನ ವರ್ಗಕ್ಕೂ ಬರಕೊಳ್ರಿ.”

ರೂತಬಾಯಿಗೆ ಅಲ್ಲೇ ಕುಣಿಯಬೇಕೆನಿಸಿತು. ಆದರೆ ಸಾಹೇಬರು ಹೊರಡಲಿಲ್ಲ. ಕನ್ನಡಕ ತೆಗೆದಿಟ್ಟು, ಕಾಶಮ್ಮನೆದುರು ನೆಲದ ಮೇಲೆ ಕೂತು, ಕಣ್ಣು ಮುಚ್ಚಿ ತಂಬಿಗೆಯ ಮೇಲೆ ಬೆರಳಾಡಿಸಿದರು.

“ಏನೂ ತಿಳಿವಲ್ದಲ್ಲ.”

ಕಾಶಮ್ಮ ತಡವಿ ಅವರ ಬೆರಳು ಹಿಡಿದು, ಮೊದಲ ಅಕ್ಷರದ ಮೇಲಿಟ್ಟಳು.

“ಇಲ್ಲಿಂದ ಶುರು ಮಾಡ್ರಿ, ಸಾಹೇಬರ.”