ಹೆಬ್ಬೆರಳಿಗೆ ಕಟ್ಟಿದ ದಾರ

ಅಂಗಡಿಯಲ್ಲಿ ಗಾಳದ ತಂಗೂಸಿ ದಾರದ ಸುರುಳಿ ಕಂಡರೆ ಈಗಲೂ ನನ್ನ ಹಲ್ಲು ಜುಮ್ಮೆನ್ನುತ್ತವೆ.

ಹೊಳೆದಂಡೆಯ ನಮ್ಮೂರು ಕರೂರಿನಿಂದ ಅಪ್ಪ, ಅವ್ವ, ನಾನು ಗೋಕರ್ಣಕ್ಕೆ ಹೋಗಿದ್ದೆವು. ಅಪ್ಪ ಸಮುದ್ರ ಕಂಡದ್ದು ಅದೇ ಮೊದಲು. ಆದರೂ ಊರಿನಿಂದಲೇ ಗಾಳ ತಂದಿದ್ದ. ಮಧ್ಯಾಹ್ನ ನೀರಿನ ಅಂಚಿನ ಕರಿ ಬಂಡೆಯ ಮೇಲೆ ಕೂತು, ನಮ್ಮ ಹೊಳೆಯಲ್ಲಿ ಮಾಡುವ ಹಾಗೆಯೇ, ದಾರದ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಬಿಗಿದು ಬೀಡಿ ಹಚ್ಚಿದ.

ಬುಟ್ಟಿ ಹೊತ್ತು ಹೋಗುತ್ತಿದ್ದ ಮೀನುಗಾರ್ತಿಯೊಬ್ಬಳು ನಿಂತಳು. "ಒದ್ದೆ ಬಂಡೆ ಮೇಲೆ ಕೂರಬೇಡಿ ಮಾರಾಯ್ರೆ, ಅಲ್ಲೀತನಕ ಅಲೆ ಬರ್ತದೆ."

"ಹೊಳಿ ದಂಡಿಮ್ಯಾಗ ಹುಟ್ಟಿದವ್ರು ನಾವು. ನೀರು ನಮಗ ಹೊಸದೇನ್ರಿ?" ಎಂದು ಅಪ್ಪ ನಕ್ಕ.

ಸ್ವಲ್ಪ ಹೊತ್ತಿಗೆ ಗಾಳ ನೀರೊಳಗಿನ ಬಂಡೆಯ ಸಂದಿಗೆ ಸಿಕ್ಕಿಕೊಂಡಿತು. ಅಪ್ಪ ಜಗ್ಗಿದಷ್ಟೂ ಬೆರಳಿಗೆ ಹಾಕಿದ್ದ ಗಂಟು ಬಿಗಿಯಿತು. ಆಗ ಅಲೆಯೊಂದು ಅವನ ಎದೆಯವರೆಗೆ ಏರಿತು. ಏಳಲು ಹೋದ, ಕಾಲು ಬರಲಿಲ್ಲ. ಅವನ ಮುಖ ಆ ಪರಿ ಬಿಳಿಚಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ಕಣ್ಣು ಮುಚ್ಚಿಕೊಂಡೆ.

ಅವ್ವ ಬಂಡೆಯ ಮೇಲೆ ತೆವಳಿಕೊಂಡು ಹೋಗಿ ಅವನ ಕಾಲು ತಬ್ಬಿ, ದಾರವನ್ನು ಹಲ್ಲಿನಿಂದ ಕಡಿಯತೊಡಗಿದಳು. "ಲೇ, ಕಣ್ ಮುಚ್ಚಬ್ಯಾಡ! ಅಲಿ ಬಂದ್ರ ಕೂಗು!"

ಕಣ್ಣು ಬಿಟ್ಟೆ. ಇನ್ನೊಂದು ಬರುತ್ತಿತ್ತು, ಇನ್ನೂ ಎತ್ತರದ್ದು. ನನಗೆ ದನಿಯೇ ಹೊರಡಲಿಲ್ಲ.

ಅಲೆ ಬಂದು ಬಡಿಯುವ ಮೊದಲೇ ದಾರ ಹರಿಯಿತು. ಅವ್ವನ ಮುಂದಿನ ಹಲ್ಲೂ ಮುರಿಯಿತು.

ಊರಿಗೆ ಬಂದ ಮೇಲೂ ಅಪ್ಪ ಹೊಳೆದಂಡೆಯಲ್ಲಿ ದಾರವನ್ನು ಹೆಬ್ಬೆರಳಿಗೇ ಕಟ್ಟುತ್ತಿದ್ದ. ಅವ್ವ ಪಕ್ಕದಲ್ಲೇ ಕೂತಿರುತ್ತಿದ್ದಳು, ಮಡಿಲಲ್ಲಿ ಕುಡಗೋಲು ಇಟ್ಟುಕೊಂಡು.