ಮೊಪೆಡ್ ಮೇಲಿನ ‘ಡಾ.’

ಇದನ್ನು ಹೇಳಲು ನಾನು ತಕ್ಕವನೋ ಅಲ್ಲವೋ, ಆ ಅಳುಕು ಇದ್ದೇ ಇದೆ, ಓದುವವರು ಮನ್ನಿಸಬೇಕು. ರಾಬರ್ಟ್‌ಸನ್‌ಪೇಟೆಯ ಸ್ಟಿಕ್ಕರ್ ಅಂಗಡಿಯ ಮುಂದೆ, ತನ್ನ ಅಪ್ಪ ಹಾಲು ಸಾಗಿಸುವ ಮೊಪೆಡ್ಡಿಗೆ ಆಗಷ್ಟೇ ಅಂಟಿಸಿಕೊಂಡಿದ್ದ ‘ಡಾ. ವನಿತಾ’ ಎಂಬ ಹೆಸರಿನ ಮೊದಲ ಅಕ್ಷರದ ಅಂಚಿಗೆ ವನಿತಾ ಉಗುರು ಹಾಕಿದಳು.

“ಅಕ್ಕಾ, ಕಿತ್ರೆ ಪೇಂಟೂ ಬತ್ತದೆ,” ಎಂದ ಅಂಗಡಿಯ ಸೆಲ್ವರಾಜ್.

“ಬರ್ಲಿ ಬಿಡಿ. ಅಪ್ಪಾ, ಬೆಳಿಗ್ಗೆ ಕಾಲೇಜಿಗೆ ಓಗಿದ್ದೆ. ದೂರಶಿಕ್ಷಣದಾಗೆ ಮಾಡಿದ ಪಿಎಚ್.ಡಿ. ಲೆಕ್ಕಕ್ಕೆ ಬತ್ತದೋ ಇಲ್ವೋ, ವಿಚಾರಿಸ್ಬೇಕು ಅಂದ್ರು. ಅಲ್ಲಿ ಲೆಕ್ಚರರ್ ಕೆಲ್ಸ ಸಿಗೋದೂ ಅದ್ರ ಮೇಲೇ ನಿಂತೈತೆ. ನಾಳೆ ಡೈರಿ ಹತ್ರ ಎಲ್ರೂ ನಿನ್ನ ನೋಡಿ ನಗ್ತಾರೆ.”

ಹಾಲಿನ ಕ್ಯಾನುಗಳ ಹಗ್ಗ ಬಿಗಿಯುತ್ತಿದ್ದ ಅಪ್ಪ ಕೋದಂಡಪ್ಪ ತಲೆ ಎತ್ತಿದ. “ನಗ್ಲಿ ಬಿಡಮ್ಮ. ಆ ಪಿಎಚ್.ಡಿ.ಗೆ ಅಂತ ಕಾಮಸಮುದ್ರದ ಮುದುಕೀರ ಸೋಬಾನೆ ಹಾಡು ಬರ್ಕೊಳ್ಳಾಕೆ ನೀನು ತಿರುಗಿದ್ದು ಯಾವುದ್ರ ಮ್ಯಾಲೆ? ಬರೋವಾಗ ನನ್ನ ಬೆನ್ನಿಗೆ ಒರಗಿ ಗೊರಕೆ ಬೇರೆ! ಕಾಲೇಜ್ನೋರು ಒಪ್ದಿದ್ರೆ ಅವ್ರ ಬೋರ್ಡ್‌ನಾಗೆ ‘ಡಾ.’ ಅಂತ ಆಕೋದು ಬ್ಯಾಡ. ಈ ಗಾಡಿ ಒಪ್ಪೈತೆ ಕಣಮ್ಮ.”

“ಅಣ್ಣಾ, ಹಂಗಾದ್ರೆ ಗಾಡಿಗೂ ಒಂದು ‘ಡಾ.’ ಹಾಕ್ಲಾ? ಅದೂ ಓದೈತಲ್ಲ!” ಎಂದ ಸೆಲ್ವರಾಜ್.

ವನಿತಾಗೂ ನಗು ಬಂತು. ತಾನೇ ಎಬ್ಬಿಸಿದ್ದ ಅಂಚನ್ನು ಹೆಬ್ಬೆರಳಿನಿಂದ ಒತ್ತಿ, ಒಳಗೆ ಸೇರಿದ್ದ ಗಾಳಿಯೆಲ್ಲ ಹೋಗುವಂತೆ ಮೆಲ್ಲಗೆ ತೀಡಿದಳು. ಕಾಲೇಜಿನವರು ಕೊನೆಗೆ ಏನು ತೀರ್ಮಾನಿಸಿದರು ಎಂಬುದು ನನಗೆ ಗೊತ್ತಿಲ್ಲ.